ಓರೆಯೋ ನೆಟ್ಟಗೋ

ಶಾಲೆಯ ಟೀಚರ್ ಲಿಯೊನೋರ್ ಬಂದಾಗ ದಿಯೊಲಿಂಡಾ ಹಿತ್ತಲಲ್ಲಿ ಸಾರಿಗೆಂದು ಕೋಸಿನ ಎಲೆ ಕೀಳುತ್ತಿದ್ದಳು. ಟೀಚರ್ ಕೈಯಲ್ಲಿ ಒಂದು ಫೈಲು, ಮುಖದಲ್ಲಿ ಒಂದು ನಗು. ಈ ಎರಡೂ ಒಟ್ಟಿಗೆ ಬಂದರೆ ಏನೋ ಕೇಳುವುದಿದೆ ಎಂದೇ ಅರ್ಥ. ಅರವತ್ತೊಂಬತ್ತು ವರ್ಷ ಬದುಕಿದ ಹೆಂಗಸಿಗೆ ಅಷ್ಟೂ ತಿಳಿಯದೆ ಇರುತ್ತದೆಯೇ?

"ಒಳಗೆ ಬಾ. ಕಾಲು ಒರೆಸ್ಕೊಂಡು ಬಾ," ಎಂದಳು.

ಬರುವ ಗುರುವಾರಕ್ಕೆ ಜ್ವಾಲಾಮುಖಿ ಎದ್ದು ಐವತ್ತು ವರ್ಷ ತುಂಬುತ್ತಿತ್ತು. ಫಯಾಲ್ ದ್ವೀಪದ ಈ ಪಡುವಣ ತುದಿಯಲ್ಲಿ ಅದನ್ನು ಯಾರೂ ಜ್ವಾಲಾಮುಖಿ ಎನ್ನುವುದಿಲ್ಲ, 'ಅದು' ಎನ್ನುತ್ತಾರೆ. 'ಅದು' ಬರುವ ಮುಂಚೆ ಹುಟ್ಟಿದವರು, ಬಂದ ಮೇಲೆ ಹುಟ್ಟಿದವರು, ಬಂದದ್ದೇ ನೆಪವಾಗಿ ಅಮೆರಿಕಕ್ಕೆ ಹೊರಟುಹೋದವರು ಎಂದು ಊರಲ್ಲಿ ಮೂರೇ ಜಾತಿ. ಲಿಯೊನೋರ್ ಎರಡನೆಯ ಜಾತಿಯವಳು. ಊರಿನ ಸಭಾಭವನದಲ್ಲಿ ಹಳೆಯ ಫೋಟೊಗಳನ್ನು ತೂಗುಹಾಕಿ, ಪಕ್ಕದಲ್ಲಿ ವಿವರ ಬರೆದು, ಒಂದು ಪ್ರದರ್ಶನ ಮಾಡುವ ಹುಮ್ಮಸ್ಸು ಅವಳಿಗೆ ಬಂದಿತ್ತು.

"ನಿಮ್ಮ ಹತ್ರ ಆಗ ಡಬ್ಬಿ ಕ್ಯಾಮೆರಾ ಇತ್ತಂತಲ್ಲ, ಅಜ್ಜಿ?"

"ಇತ್ತು. ಸೋದರತ್ತೆ ಅಮೆರಿಕದಿಂದ ಹಳೇ ಬಟ್ಟೆ ಮೂಟೆ ಕಳಿಸ್ತಿದ್ಲು. ಒಂದ್ಸಲ ಅಂಗಿಗಳ ಮಧ್ಯ ಅದೂ ಬಂತು. ಒಂದು ವಾರ ಸೋಪಿನ ವಾಸನೆ ಹೊಡೀತಿತ್ತು."

ದಿಯೊಲಿಂಡಾ ಬಿಸ್ಕತ್ತಿನ ಡಬ್ಬಿ ತಂದಳು. ಅದರಲ್ಲಿದ್ದ ಫೋಟೊಗಳನ್ನು ಲಿಯೊನೋರ್ ಮೇಜಿನ ಮೇಲೆ ಸಾಲಾಗಿ ಹರಡಿದಳು. ಬೂದಿಯ ಭಾರಕ್ಕೆ ಕುಸಿದ ಚಾವಣಿ. ಚಾವಣಿಯ ಮೇಲೆ ಸಲಿಕೆ ಹಿಡಿದ ಹೆಂಗಸರು. ಹಸು ಹೊಡೆದುಕೊಂಡು ಊರು ಬಿಡುವ ಜನ. ಮೊದಲ ಮಹಡಿಯವರೆಗೆ ಹೂತುಹೋದ ದೀಪಸ್ತಂಭ. ಒಟ್ಟು ಏಳು. ತೊಳೆದುಕೊಟ್ಟ ಸ್ಟುಡಿಯೋದವರು ಹಿಂಬದಿಯಲ್ಲಿ ಪೆನ್ಸಿಲಿನಿಂದ ಅಂಕಿ ಹಾಕಿದ್ದರು. ಟೀಚರ್ ಅಲ್ಲವೇ, ಅಂಕಿ ಕಂಡರೆ ಎಣಿಸದೆ ಬಿಡುತ್ತಾಳೆಯೇ.

"ಎರಡರಿಂದ ಎಂಟರವರೆಗೆ ಇದೆ. ಒಂದು ಎಲ್ಲಿ?"

"ಅದು ಬೆಳಕು ಬಿದ್ದು ಹಾಳಾಯ್ತು."

ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ದಿಯೊಲಿಂಡಾಗೆ ತನ್ನ ಮೇಲೆ ತನಗೇ ಬೇಸರವಾಯಿತು. ಲಿಯೊನೋರ್ ಅಷ್ಟಕ್ಕೆ ಬಿಟ್ಟು, ಫೈಲಿನಿಂದ ಒಂದು ಹಾಳೆ ತೆಗೆದು ಓದಿದಳು. ಪ್ರದರ್ಶನದ ಮೊದಲ ಫಲಕಕ್ಕೆ ಬರೆದದ್ದಂತೆ.

"'ಆ ಶುಕ್ರವಾರ ಬೆಳಿಗ್ಗೆ ತಿಮಿಂಗಿಲದ ಕಾವಲುಗಾರ ಜಸಿಂತು, ಸಮುದ್ರದಿಂದ ಎದ್ದ ಹೊಗೆಯನ್ನು ತಿಮಿಂಗಿಲಗಳ ಉಸಿರೆಂದು ತಪ್ಪು ತಿಳಿದು ಬಾಣಬಿರುಸು ಹಾರಿಸಿದನು. ಏಳು ಮಂದಿ ಈಟಿ ಹಿಡಿದು ಜ್ವಾಲಾಮುಖಿಯನ್ನೇ ಬೇಟೆಯಾಡಲು ಹೋದರು.' ಚೆನ್ನಾಗಿದೆ ಅಲ್ವಾ? ಬೆಲ್ಮಿರು ತಾತ ಹೇಳಿದ್ದು. ಜನ ನಕ್ಕು ನಕ್ಕು ಒಳಗೆ ಬರ್ತಾರೆ."

"ಜಸಿಂತು ನನ್ನಪ್ಪ," ಎಂದಳು ದಿಯೊಲಿಂಡಾ.

"ಗೊತ್ತು ಅಜ್ಜಿ. ಅದಕ್ಕೇ ನಿಮಗೆ ಮೊದಲು ಓದಿ ತೋರಿಸ್ದೆ. ಬುಧವಾರ ಅಚ್ಚಿಗೆ ಹೋಗತ್ತೆ."

ಟೀಚರ್ ಹೋದ ಮೇಲೆ ದಿಯೊಲಿಂಡಾ ಕೋಸಿನ ಎಲೆಗಳನ್ನು ನೀರಿಗೆ ಹಾಕಿ ಒಲೆ ಹಚ್ಚುವುದನ್ನೇ ಮರೆತಳು. ಊರಿನವರ ನಗೆ ಬೇರೆ, ಗೋಡೆಯ ಮೇಲಿನ ಅಕ್ಷರ ಬೇರೆ. ಅಪ್ಪನನ್ನು ಊರು 'ಹೊಗೆ ಜಸಿಂತು' ಎಂದು ಕರೆಯುತ್ತಿತ್ತು. ನಮ್ಮಲ್ಲಿ ಅಡ್ಡಹೆಸರು ಮನೆತನದ ಆಸ್ತಿ, ಮಕ್ಕಳು ಮೊಮ್ಮಕ್ಕಳಿಗೆಲ್ಲ ಪಾಲು ಬರುತ್ತದೆ. ಅವಳ ಅಣ್ಣನ ಮಕ್ಕಳು ಅಮೆರಿಕದಲ್ಲಿ ಹುಟ್ಟಿದರೂ ಅಲ್ಲಿನ ನಮ್ಮವರ ಬಾಯಲ್ಲಿ ಇಂದಿಗೂ 'ಹೊಗೆಯವರು'. ಅವಳನ್ನೊಬ್ಬಳನ್ನು ಮಾತ್ರ ಯಾರೂ ಹಾಗೆ ಕರೆದವರಿಲ್ಲ. ಮದುವೆಯಾಗಿ ಬೇರೆ ಮನೆ ಸೇರಿದ್ದರಿಂದ ಬಚಾವಾದೆ ಎಂದುಕೊಂಡಿದ್ದಳು. ಈಗ ಆ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿ, ದೇಶಾಂತರದಿಂದ ಬಂದವರೆಲ್ಲ ಓದಿ ನಗುವಂತಾಗುತ್ತದೆ. ಮಾಡದ ತಪ್ಪಿಗೆ ಸತ್ತವನು ಮತ್ತೆ ನಿಂತು ಛೀಮಾರಿ ಹಾಕಿಸಿಕೊಳ್ಳಬೇಕು. ತಪ್ಪು ಅವನದಲ್ಲ ಎಂದು ಅವಳಿಗೊಬ್ಬಳಿಗೇ ಗೊತ್ತಿತ್ತು, ಅಥವಾ ಹಾಗೆಂದು ಅವಳು ತಿಳಿದಿದ್ದಳು.

ಒಂದನೆಯ ಫೋಟೊ ಹಾಳಾಗಿರಲಿಲ್ಲ. ದೇವರ ಪಟದ ಹಿಂದೆ, ಕಾಗದದಲ್ಲಿ ಸುತ್ತಿ ಇಟ್ಟಿದ್ದಳು.

ಅಪ್ಪ ಇಪ್ಪತ್ತೆರಡು ವರ್ಷ ಬಂಡೆಯ ತುದಿಯ ಕಾವಲುಗೂಡಿನಲ್ಲಿ ಕೂತು ಸಮುದ್ರ ನೋಡಿದವನು. ಗೋಡೆಯಲ್ಲಿ ಒಂದು ಸೀಳುಕಿಂಡಿ, ಒಂದು ಸ್ಟೂಲು, ಒಂದು ಜರ್ಮನ್ ದುರ್ಬೀನು, ಮೂಲೆಯಲ್ಲಿ ಬಾಣಬಿರುಸು. ತಿಮಿಂಗಿಲದ ಉಸಿರು ಕಂಡರೆ ಬಾಣ ಹಾರಿಸಬೇಕು. ಆ ಸದ್ದಿಗೆ ಹೊಲದಲ್ಲಿದ್ದವನು ಗುದ್ದಲಿ ಬಿಸಾಕುತ್ತಿದ್ದ, ಅರ್ಧ ಕ್ಷೌರವಾದವನು ಸೋಪಿನ ಮುಖದಲ್ಲೇ ದೋಣಿಮನೆಗೆ ಓಡುತ್ತಿದ್ದ. ಅದಕ್ಕೇ ಸುಳ್ಳು ಬಾಣ ಹಾರಿಸುವಂಥ ಅವಮಾನ ಕಾವಲುಗಾರನಿಗೆ ಇನ್ನೊಂದಿರಲಿಲ್ಲ. ನಮ್ಮವರು ಬೇಟೆಯಾಡುವ ಜಾತಿಯ ತಿಮಿಂಗಿಲದ ಉಸಿರು ಮುಂದಕ್ಕೆ ಓರೆಯಾಗಿ ಚಿಮ್ಮುತ್ತದೆ. ನೆಟ್ಟಗೆ ಏಳುವುದು ಬೇರೆ ಜಾತಿಯದು, ಅದರ ತಂಟೆಗೆ ಹೋಗುವುದಿಲ್ಲ. ಆದ್ದರಿಂದ ಕಾವಲುಗೂಡಿನಲ್ಲಿ ಕೇಳುವ ಪ್ರಶ್ನೆ ಒಂದೇ: ಓರೆಯೋ, ನೆಟ್ಟಗೋ?

ದಿಯೊಲಿಂಡಾಗೆ ಆಗ ಹತ್ತೊಂಬತ್ತು. ಬೆಳಗಿನ ಕಾಫಿ, ಜೋಳದ ರೊಟ್ಟಿ, ಚೀಸು ಹೊತ್ತುಕೊಂಡು ಹೋಗಿ, ಅಪ್ಪ ತಿನ್ನುವಷ್ಟು ಹೊತ್ತು ದುರ್ಬೀನು ಹಿಡಿದು ಕೂರುತ್ತಿದ್ದಳು. "ಬಿಸಿಲ ಝಳಕ್ಕೆ ಕಣ್ಣು ಸೋಲ್ತವೆ ಮಗಳೇ, ನೀನೇ ಸ್ವಲ್ಪ ನೋಡು," ಎನ್ನುತ್ತಿದ್ದ. ರೊಟ್ಟಿ ತಿಂದು ಮುಗಿಸುವುದಕ್ಕೆ ಅವನಿಗೆ ಒಂದೊಂದು ದಿನ ಮೂರು ಗಂಟೆ ಹಿಡಿಯುತ್ತಿತ್ತು. ಅದು ಅವಳಿಗೆ ವಿಚಿತ್ರ ಅನ್ನಿಸಿರಲಿಲ್ಲ, ಏಕೆಂದರೆ ಅವಳಿಗೆ ಆ ಕೆಲಸ ಇಷ್ಟವಾಗಿತ್ತು.

ಆ ವರ್ಷ ಸೆಪ್ಟೆಂಬರಿನಲ್ಲಿ ಹನ್ನೊಂದು ದಿನ ಭೂಮಿ ನಡುಗುತ್ತಲೇ ಇತ್ತು. ಪಾತ್ರೆಗಳು ತಮ್ಮಷ್ಟಕ್ಕೆ ಗಲಗಲ ಎನ್ನುತ್ತಿದ್ದವು. ಇಪ್ಪತ್ತು ದಿನದಿಂದ ಒಂದು ತಿಮಿಂಗಿಲವೂ ಕಂಡಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ರೊಟ್ಟಿಯ ಬುಟ್ಟಿಯ ಜೊತೆಗೆ ಕ್ಯಾಮೆರಾವನ್ನೂ ಕೊರಳಿಗೆ ಹಾಕಿಕೊಂಡು ಹೋದಳು. ರೀಲಿನಲ್ಲಿ ಎಂಟೇ ಎಂಟು ಚಿತ್ರ. ಮೊದಲನೆಯದು ತಿಮಿಂಗಿಲದ್ದೇ ಆಗಬೇಕು, ಅದನ್ನು ಅತ್ತೆಗೆ ಕಳಿಸಬೇಕು ಎಂದು ಹಟ.

ದುರ್ಬೀನು ಕಣ್ಣಿಗಿಟ್ಟು ಐದು ನಿಮಿಷವಾಗಿರಲಿಲ್ಲ.

"ಅಪ್ಪಾ, ಉಸಿರು. ದೀಪಸ್ತಂಭದ ಆಚೆ. ಒಂದಲ್ಲ, ನಾಕೈದು."

ಅಪ್ಪ ರೊಟ್ಟಿ ಕೆಳಗಿಟ್ಟ. "ಓರೆಯೋ, ನೆಟ್ಟಗೋ?"

ಮೊದಲನೆಯದು ಓರೆ. ಎರಡನೆಯದೂ ಓರೆ. ಮೂರನೆಯದು ನೆಟ್ಟಗೆ ಎದ್ದು, ಆಮೇಲೆ ಗಾಳಿಗೆ ಬಾಗಿದಂತಿತ್ತು. ಇನ್ನೊಂದು ಸಲ ನೋಡಬೇಕಿತ್ತು. ಆದರೆ ಇಪ್ಪತ್ತು ದಿನದ ಬರ, ಕೊರಳಲ್ಲಿ ಕ್ಯಾಮೆರಾ, ಎದೆಯಲ್ಲಿ ಆಸೆ.

"ಓರೆ," ಎಂದಳು.

ಅಪ್ಪ ದುರ್ಬೀನು ತೆಗೆದುಕೊಂಡು, ಒಂದು ಜಪ ಹೇಳಿ ಮುಗಿಸುವಷ್ಟು ಹೊತ್ತು ನೋಡಿದ. "ಹೌದು. ಓರೆಯೇ. ದೊಡ್ಡ ಗುಂಪು," ಎಂದು ಬಾಣ ಕೈಗೆತ್ತಿಕೊಂಡು ಹೊರಗೆ ನಡೆದ.

"ಒಂದು ನಿಮಿಷ ಅಪ್ಪಾ. ತಿಮಿಂಗಿಲ ನೋಡ್ತಾ ನಿಂತ್ಕೋ. ಹಾಗೇ ಇರು."

ಅಪ್ಪ ಎದೆಯುಬ್ಬಿಸಿ ಸಮುದ್ರದ ಕಡೆ ನೋಡುತ್ತ ನಿಂತ. ಅವಳು ಗುಂಡಿ ಒತ್ತಿದಳು. ಬಾಣ ಹಾರಿತು. ಊರು ಓಡಿತು. ದೋಣಿ ನೀರಿಗಿಳಿದು, ಏಳು ಜನ ಹುಟ್ಟು ಹಾಕುತ್ತ ದೀಪಸ್ತಂಭ ದಾಟಿದರು. ಆಗ ದುರ್ಬೀನಿನಲ್ಲಿ ಅವಳಿಗೆ ಬಿಳಿ ಉಸಿರಿನ ಬುಡದಿಂದ ಕಪ್ಪು ನೀರು ಬಗ್ಗನೆ ಮೇಲೆದ್ದದ್ದು ಕಂಡಿತು, ಅದರೊಳಗೆ ಕಲ್ಲುಗಳಿದ್ದವು. ಅಪ್ಪ ಮಗಳು ಸೇರಿ ಹುಲ್ಲಿನ ಮೇಲೆ ಬಿಳಿ ದುಪ್ಪಟಿ ಹಾಸಿದರು. ವಾಪಸ್ಸು ಬನ್ನಿ ಎಂಬುದಕ್ಕೆ ಅದು ಗುರುತು. ದೋಣಿ ತಿರುಗುವವರೆಗೆ ಅವಳು ದುರ್ಬೀನು ಇಳಿಸಲಿಲ್ಲ.

ಏಳು ಜನರೂ ಬದುಕಿ ಬಂದರು. ಅದು ದೇವರು ದೊಡ್ಡವನು ಎಂಬ ಕಾರಣಕ್ಕೇ ಹೊರತು ಅವಳ ಕಣ್ಣಿನ ಪುಣ್ಯದಿಂದಲ್ಲ. ಸಂಜೆಯೊಳಗೆ ಹೊಗೆಯ ಕಂಬ ಮುಗಿಲು ಮುಟ್ಟಿತು. ಹದಿಮೂರು ತಿಂಗಳು ಬೂದಿ ಸುರಿದು ಕಾವಲುಗೂಡು, ಹೊಲ, ಮುನ್ನೂರು ಮನೆ ಎಲ್ಲ ಮುಚ್ಚಿಹೋದವು. ಅಪ್ಪ ಮತ್ತೆ ಕಾವಲಿಗೆ ಕೂರಲಿಲ್ಲ. ಬರಬರುತ್ತ ಅವನ ಕಣ್ಣು ಪೂರ್ತಿ ಹೋಯಿತು. "ಬೂದಿ ಬಿದ್ದು ಹಾಳಾಯ್ತು," ಎನ್ನುತ್ತಿದ್ದ. ಊರು ನಂಬಿತು. ಬೂದಿ ಯಾರ ಕಣ್ಣನ್ನು ಬಿಟ್ಟಿತ್ತು?

ಅವಳೂ ನಂಬಿದ್ದಳು, ಸ್ಟುಡಿಯೋದಿಂದ ಫೋಟೊ ಬರುವವರೆಗೆ.

ಫೋಟೊದಲ್ಲಿ ಎಡಗಡೆ, ದೀಪಸ್ತಂಭದ ಆಚೆ, ಐದು ಬಿಳಿ ಕುಚ್ಚುಗಳು ಯಾರಿಗೂ ಕಾಣುವಷ್ಟು ಸ್ಪಷ್ಟವಾಗಿ ನಿಂತಿದ್ದವು. ಮಧ್ಯದಲ್ಲಿ ಅಪ್ಪ, ಕೈಯಲ್ಲಿ ಬಾಣ, ಮುಖದಲ್ಲಿ ಇಪ್ಪತ್ತೆರಡು ವರ್ಷದ ಗತ್ತು. ಅವನು ಬಲಗಡೆ ನೋಡುತ್ತಿದ್ದ. ಬಲಗಡೆ ಖಾಲಿ ಸಮುದ್ರವಿತ್ತು.

ಅವನಿಗೆ ಏನೂ ಕಂಡಿರಲಿಲ್ಲ. ಬೂದಿ ಬೀಳುವ ಮುಂಚೆಯೇ ಕಂಡಿರಲಿಲ್ಲ. ಮಗಳು ಓರೆ ಎಂದಳು, ಅವನು ಬಾಣ ಬಿಟ್ಟ. ಕಣ್ಣಿಲ್ಲದ ಕಾವಲುಗಾರ ಏಳು ಜನರನ್ನು ಸಮುದ್ರಕ್ಕೆ ಕಳಿಸಿದ ಎಂದು ಗೊತ್ತಾದರೆ ಊರು ನಗುವುದಿಲ್ಲ, ಉಗಿಯುತ್ತದೆ. ಅವಳು ಫೋಟೊ ಬಚ್ಚಿಟ್ಟಳು. ಅಪ್ಪನಿಗೆ ಹೇಳಲಿಲ್ಲ, ಅಪ್ಪನೂ ಬಾಯಿ ಬಿಡಲಿಲ್ಲ. ಹದಿನೆಂಟು ವರ್ಷ 'ಹೊಗೆ ಜಸಿಂತು' ಎಂದು ಕರೆದಾಗಲೆಲ್ಲ ಓಗೊಟ್ಟು, ಒಂದು ದಿನ ತೀರಿಕೊಂಡ.

ಮಂಗಳವಾರ ಬೆಳಿಗ್ಗೆ ದಿಯೊಲಿಂಡಾ ಕೈಚೀಲದಲ್ಲಿ ಆ ಫೋಟೊ ಹಾಕಿಕೊಂಡು ದೋಣಿಮನೆಗೆ ಹೋದಳು. ಹೊರಗಿನ ಬೆಂಚಿನ ಮೇಲೆ ಬೆಲ್ಮಿರು ಕೂತಿದ್ದ. ಆ ದೋಣಿಯ ಈಟಿಗಾರ, ಎಂಬತ್ತೊಂದು ವರ್ಷ, ಏಳು ಜನರಲ್ಲಿ ಉಳಿದವನು ಅವನೊಬ್ಬ. 'ಹೊಗೆ' ಎಂಬ ಹೆಸರು ಹುಟ್ಟಿದ್ದೂ ಅವನ ಬಾಯಲ್ಲೇ. ಈಗ ತಿಮಿಂಗಿಲದ ಬೇಟೆ ಇಲ್ಲ, ದೋಣಿಗಳನ್ನು ಪಂದ್ಯಕ್ಕೆ ಓಡಿಸುತ್ತಾರೆ. ಬೆಲ್ಮಿರು ದಡದಲ್ಲಿ ಕೂತು, ಹುಟ್ಟು ಹಾಕುವ ಹುಡುಗಿಯರನ್ನು ಬೈಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದ.

"ನೋಡು ಆ ಮೂರನೆಯವಳ್ನ. ಸಾರು ಕಲಕ್ತಿದಾಳೋ ಹುಟ್ಟು ಹಾಕ್ತಿದಾಳೋ," ಎಂದ. "ಏನು ದಿಯೊಲಿಂಡಾ, ದಾರಿ ತಪ್ಪಿ ಬಂದ್ಯಾ?"

"ನಿನ್ನ ನಾಲಿಗೆ ಇನ್ನೂ ಉದ್ದವೇ ಇದೆಯಾ ಅಂತ ನೋಡೋಕೆ ಬಂದೆ. ಟೀಚರ್ ಹತ್ರ ಏನೇನು ಬೊಗಳಿದೀಯ?"

"ಇದ್ದದ್ದು ಹೇಳ್ದೆ."

"ಇದ್ದದ್ದು ನಿನಗೇನು ಗೊತ್ತು? ಬುಧವಾರ ಅಚ್ಚಾಗತ್ತಂತೆ. ಅಪ್ಪನ ಹೆಸರು ತೆಗಿಸು. ಯಾರೋ ಒಬ್ಬ ಕಾವಲುಗಾರ ಅಂತ ಬರೀಲಿ."

"ಆಗಲ್ಲ."

"ಯಾಕಾಗಲ್ಲ? ಸತ್ತವನ ಮೇಲೆ ನಿನಗೇನು ಹಗೆ?"

"ಹಗೆ ಅಲ್ಲ, ಮಾರಾಯ್ತಿ. ನಾನು ಅವನಿಗೆ ಮಾತು ಕೊಟ್ಟಿದೀನಿ."

"ಏನು ಮಾತು?"

ಬೆಲ್ಮಿರು ಹುಡುಗಿಯರ ಕಡೆ ತಿರುಗಿ, ಒಟ್ಟಿಗೆ ಹುಟ್ಟು ಹಾಕಿ ಎಂದು ಕೂಗತೊಡಗಿದ. ದಿಯೊಲಿಂಡಾಗೆ ರೇಗಿಹೋಯಿತು. ಐವತ್ತು ವರ್ಷ ಕಾಪಾಡಿದ ಫೋಟೊವನ್ನು ಚೀಲದಿಂದ ತೆಗೆದು ಅವನ ತೊಡೆಯ ಮೇಲೆ ಹಾಕಿದಳು.

"ತಗೋ. ನೋಡು. ಅಪ್ಪನಿಗೆ ಕಾಣ್ತಾ ಇರಲಿಲ್ಲ. ನೋಡಿದ್ದು ನಾನು. ಓರೆ ಅಂದಿದ್ದು ನಾನು. ಮೂರನೇದು ನೆಟ್ಟಗಿತ್ತು, ನನಗೆ ಅನುಮಾನ ಇತ್ತು, ಆದ್ರೂ ಓರೆ ಅಂದೆ. ನಗೋದಿದ್ರೆ ನನ್ನ ನೋಡಿ ನಗು."

ಬೆಲ್ಮಿರು ಕನ್ನಡಕ ಹುಡುಕಿ ಹಾಕಿಕೊಂಡು, ಫೋಟೊವನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ.

"ಪಾಪ, ಯಾವ ಕಡೆ ನೋಡ್ತಿದಾನೆ ನೋಡು," ಎಂದ. "ಇಷ್ಟು ವರ್ಷ ನೀನು ಬಚ್ಚಿಟ್ಟಿದ್ದು ಇದನ್ನಾ?"

"ಹೂಂ."

"ನಮಗೆಲ್ಲ ಗೊತ್ತಿತ್ತು."

"ಏನು ಗೊತ್ತಿತ್ತು?"

"ನೀನು ಆಲೂಗಡ್ಡೆ ಕೀಳೋಕೆ ಹೋದ ದಿನ ಬಾಣ ಇಲ್ಲ. ನೀನು ರೊಟ್ಟಿ ಹೊತ್ಕೊಂಡು ಹತ್ತಿದ ದಿನ ಬಾಣ. ಎರಡು ವರ್ಷ ಹಿಂಗೇ. ತಿಮಿಂಗಿಲಗಳಿಗೂ ಜಸಿಂತು ಮಗಳ ಮೇಲೆ ಮನಸ್ಸಾಗಿದೆ ಅಂತ ನಾವು ದೋಣೀಲಿ ನಗ್ತಿದ್ವಿ. ನಾವು ದಡ್ಡರು ಅನ್ಕೊಂಡ್ಯಾ? ಏಳು ಜನ ಜೀವ ಕೈಯಲ್ಲಿ ಹಿಡ್ಕೊಂಡು ಹೋಗೋರು, ಯಾರ ಕಣ್ಣು ನಂಬಿ ಹೋಗ್ತಿದೀವಿ ಅಂತ ನಮಗೆ ಗೊತ್ತಿರಲ್ವಾ? ನಿನ್ನ ಕಣ್ಣು ಚೆನ್ನಾಗಿತ್ತು. ಎರಡು ವರ್ಷದಲ್ಲಿ ಒಂದೇ ಒಂದು ಸಲ ತಪ್ಪಿದ್ದು. ಆ ಒಂದು ಸಲ ಜ್ವಾಲಾಮುಖಿ ಆಗ್ಬೇಕಾ?"

ದಿಯೊಲಿಂಡಾ ಬೆಂಚಿನ ಮೇಲೆ ಕೂತಳು.

"ಅವತ್ತು ನಾವು ದೋಣಿ ಎಳೆದು ಹಾಕೋ ಹೊತ್ತಿಗೆ ಜಸಿಂತು ಇಲ್ಲೇ ನಿಂತಿದ್ದ," ಎಂದ ಬೆಲ್ಮಿರು. "ನೀರು ಕುದೀತಿತ್ತು, ಸತ್ತ ಮೀನು ಹುಟ್ಟಿಗೆ ತಾಗ್ತಿದ್ವು. ನಾನು ಈಟಿ ಎತ್ಕೊಂಡು ಮುಂದೆ ನಿಂತೋನು. ಯಾರಿಗಾದ್ರೂ ಹೊಡೀಬೇಕು ಅನ್ನೋಷ್ಟು ಸಿಟ್ಟಿತ್ತು. ಅವನು ಟೋಪಿ ತೆಗೆದು ಹೇಳ್ದ, 'ತಪ್ಪು ನನ್ನದು. ಬೈಯೋದು ನಗೋದು ಎಲ್ಲ ನನಗೇ ಇರಲಿ, ಎಷ್ಟು ಬೇಕಾದ್ರೂ. ಹುಡುಗಿ ಇವತ್ತು ಅಲ್ಲಿರಲಿಲ್ಲ. ಅವಳ ಹೆಸರು ಯಾರ ಬಾಯಲ್ಲೂ ಬರಬಾರದು.' ಅಷ್ಟೇ. ನನ್ನ ಸಿಟ್ಟು ಇಳೀತು. 'ಆಯ್ತು ಬಾ, ಹೊಗೆ ಜಸಿಂತು, ಒಂದು ಲೋಟ ಕುಡಿ' ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಹೆಸರು ಹಂಗೆ ಅಂಟ್ಕೊಂಡ್ತು. ಜನ ಮರೆಯೋಕೆ ಬಂದಾಗೆಲ್ಲ ನಾನೇ ನೆನಪಿಸ್ತಿದ್ದೆ. ಅವನ ಮೇಲೇ ಇರಲಿ ಅಂತ."

"ನನ್ನನ್ನ ಯಾರೂ ಹೊಗೆ ಅನ್ನಲಿಲ್ಲ," ಎಂದಳು ದಿಯೊಲಿಂಡಾ.

"ಅಂದಿದ್ರೆ ನಾನು ಹಲ್ಲು ಉದುರಿಸ್ತಿದ್ದೆ."

ಅವಳು ಅತ್ತಳು. ಕದ್ದು ಅಳುವ ವಯಸ್ಸು ಮುಗಿದಿತ್ತು, ಹಾಗಾಗಿ ಬೆಂಚಿನ ಮೇಲೆ ಕೂತು, ಹುಡುಗಿಯರ ದೋಣಿ ಹೋಗಿ ಬರುವವರೆಗೂ ಅತ್ತಳು. ಅಪ್ಪನನ್ನು ತಾನು ಕಾಪಾಡುತ್ತಿದ್ದೇನೆ ಎಂದುಕೊಂಡು ಐವತ್ತು ವರ್ಷ ಕಳೆದಿದ್ದಳು. ಕಾಪಾಡಿದ್ದು ಅವನು. ಬೆಲ್ಮಿರು ಜೇಬಿನಿಂದ ಕರವಸ್ತ್ರ ತೆಗೆದು, ಅದರ ಸ್ಥಿತಿ ನೋಡಿ, ಮತ್ತೆ ಜೇಬಿಗೇ ಹಾಕಿಕೊಂಡ.

ಅಲ್ಲಿಂದ ಅವಳು ನೇರವಾಗಿ ಶಾಲೆಗೆ ಹೋದಳು. ಲಿಯೊನೋರ್ ಪಾಠ ನಿಲ್ಲಿಸಿ ಹೊರಗೆ ಬಂದಳು.

"ಒಂದನೇ ಫೋಟೊ ಸಿಕ್ತು," ಎಂದಳು ದಿಯೊಲಿಂಡಾ. "ಹಾಳಾಗಿರಲಿಲ್ಲ, ನಾನು ಸುಳ್ಳು ಹೇಳಿದ್ದೆ. ಇದನ್ನ ಹಾಕೋದಾದ್ರೆ ಫಲಕ ನಾನು ಹೇಳಿದ ಹಾಗೆ ಬರೀಬೇಕು. ಪೆನ್ನು ತಗೋ."

ಲಿಯೊನೋರ್ ಫೋಟೊ ನೋಡಿದಳು. "ಅಜ್ಜಿ, ಇದು ಮೊದಲ ಗಂಟೆಯದ್ದು. ಇಂಥದ್ದು ಯಾರ ಹತ್ರವೂ ಇಲ್ಲ," ಎಂದು ಮಾತು ನಿಲ್ಲಿಸಿ, ಇನ್ನೊಮ್ಮೆ ನೋಡಿದಳು. "ಅವರು ಯಾಕೆ ಈ ಕಡೆ..."

"ಕಣ್ಣಿದ್ದವರು ನೋಡ್ಕೊಳ್ಳಲಿ. ಅದನ್ನ ಬರೆಯೋದು ಬೇಡ. ಪೆನ್ನು ತಗೋ ಅಂದೆ."

ಗುರುವಾರ ಸಂಜೆ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮೆರಿಕದಿಂದಲೂ ಕೆಲವರು ಬಂದಿದ್ದರು, ಅವರ ಜೊತೆ ಅಣ್ಣನ ಮೊಮ್ಮಗಳೂ ಇದ್ದಳು. ಬಾಗಿಲಲ್ಲೇ ಮೊದಲ ಫೋಟೊ, ಬಾಗಿಲಿನಷ್ಟೇ ಎತ್ತರಕ್ಕೆ ಹಿಗ್ಗಿಸಿ ಹಾಕಿದ್ದರು. ಅಷ್ಟು ದೊಡ್ಡದು ಮಾಡಿದ ಮೇಲೆ ಅಪ್ಪ ಎತ್ತ ನೋಡುತ್ತಿದ್ದಾನೆ ಎಂಬುದು ಯಾರಿಗೂ ತಪ್ಪುವಂತಿರಲಿಲ್ಲ. ಜನ ಮೊದಲು ಹೊಗೆ ನೋಡುತ್ತಿದ್ದರು, ಆಮೇಲೆ ಅವನ ಮುಖ, ಆಮೇಲೆ ಪಕ್ಕದ ಫಲಕ:

'ಜ್ವಾಲಾಮುಖಿಯನ್ನು ಮೊದಲು ಕಂಡವಳು ದಿಯೊಲಿಂಡಾ, ಹತ್ತೊಂಬತ್ತು ವರ್ಷ. ಅದನ್ನು ತಿಮಿಂಗಿಲ ಎಂದು ಹೇಳಿದವಳೂ ಅವಳೇ. ಅವಳ ತಂದೆ ಜಸಿಂತು ಅವಳ ಮಾತು ನಂಬಿ ಬಾಣ ಹಾರಿಸಿದನು. ಫೋಟೊ ತೆಗೆದವಳು ಮಗಳು.'

ಒಬ್ಬಿಬ್ಬರು ಓದಿ, ತಿರುಗಿ ದಿಯೊಲಿಂಡಾಳನ್ನು ನೋಡಿದರು. ಅವಳು ಇದ್ದುದರಲ್ಲೇ ಒಳ್ಳೆಯ ಕೋಟು ಹಾಕಿಕೊಂಡು, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ನೋಡುವವರು ನೋಡಲಿ ಎಂದೇ ಬಂದಿದ್ದಳು. ಫಲಕದ ಮುಂದೆ ಬೆಲ್ಮಿರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಓದುವುದು ಅವನಿಗೆ ನಿಧಾನ. ತುಟಿ ಆಡಿಸುತ್ತ ಪೂರ್ತಿ ಓದಿ, ಜಸಿಂತುವಿನ ಮುಖವನ್ನು ಇನ್ನೊಮ್ಮೆ ನೋಡಿ, ಟೋಪಿ ಹಾಕಿಕೊಂಡ. ಆಮೇಲೆ ಸಮುದ್ರದಲ್ಲಿ ದೋಣಿಯಿಂದ ದೋಣಿಗೆ ಕೂಗುವ ಅದೇ ಗಂಟಲಿನಲ್ಲಿ, ಇಡೀ ಸಭಾಭವನ ಕೇಳುವಂತೆ ಕೂಗಿದ.

"ಏ ಹೊಗೆ ದಿಯೊಲಿಂಡಾ. ಅಲ್ಲೇನು ಗೋಡೆ ಕಾಯ್ತಿದೀಯ? ನಿಮ್ಮಪ್ಪನ ಪಕ್ಕ ಬಂದು ನಿಂತ್ಕೋ, ಯಾರೋ ಫೋಟೊ ತೆಗೀಬೇಕಂತೆ."

ಜನರೆಲ್ಲ ಗೋಡೆಯ ಕಡೆ ತಿರುಗಿದರು. ಐವತ್ತು ವರ್ಷದಲ್ಲಿ ಯಾರೂ ಅವಳನ್ನು ಆ ಹೆಸರಿನಿಂದ ಕರೆದಿರಲಿಲ್ಲ.

"ಬಂದೆ, ಇರು," ಎಂದು ದಿಯೊಲಿಂಡಾ ಕೈಚೀಲವನ್ನು ಅಣ್ಣನ ಮೊಮ್ಮಗಳ ಕೈಗೆ ಕೊಟ್ಟು ಆ ಕಡೆ ನಡೆದಳು.